ಮೇಲಿನ ಬಲಮೂಲೆ

ಅಸ್ಥಿಮಜ್ಜೆ ಕಸಿ ಆದವರ ರಕ್ತ ನನ್ನ ಮೇಜಿಗೆ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಬರುತ್ತದೆ. ಹೆಸರಿಗಿಂತ ಮೊದಲು ನಾನು ನೋಡುವುದು ಚೀಟಿಯ ಮೇಲಿನ ‘ಡೇ’ ಎಷ್ಟು ಅಂತ. ಕಸಿಯ ದಿನ ಸೊನ್ನೆ. ಅಲ್ಲಿಂದ ಡೇ 30, ಡೇ 100, ಹೀಗೆ. ಕಣಗಳನ್ನು ಒಂದೊಂದಾಗಿ ಲೇಸರ್ ಬೆಳಕಿನಲ್ಲಿ ಹಾಯಿಸಿ ಗುರುತಿಸುವ ಯಂತ್ರ ಫ್ಲೋ ಸೈಟೋಮೀಟರ್. ಅದರ ಮುಂದೆ ಕೂತು ಇವರ ಲಿಂಫೋಸೈಟ್, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿಕಣ, ಎಣಿಸುವುದು ನನ್ನ ಕೆಲಸ.

ಬಿಳಿ ರಕ್ತಕಣ ಏರಿದರೆ ಚೇತರಿಕೆ ಮುಗೀತು ಅಂತ ಶುರುವಿನಲ್ಲಿ ನಾನೂ ಅಂದುಕೊಂಡಿದ್ದೆ. ಬ್ಯಾಕ್ಟೀರಿಯಾ ಕೊಲ್ಲುವ ಬಿಳಿಕಣ ನ್ಯೂಟ್ರೋಫಿಲ್, ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸತತ ಮೂರು ದಿನ 500 ಮುಟ್ಟಿದರೆ ಕಸಿ ಹಿಡಿಯಿತು ಅಂತ ಲೆಕ್ಕ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಮನೆಯವರಿಗೆ ಅವತ್ತು ಹಬ್ಬ. ತಪ್ಪಲ್ಲ ಬಿಡಿ, ಅಷ್ಟು ದಿನ ಸೊನ್ನೆ ನೋಡಿ ನೋಡಿ ಸಾಕಾಗಿರುತ್ತದೆ.

ಒಮ್ಮೆ ಒಂದು ಡೇ 30 ಟ್ಯೂಬ್ ಬಂತು. ಒಟ್ಟು ಬಿಳಿಕಣ ಚೆನ್ನಾಗಿಯೇ ಇತ್ತು. ಪರದೆಯ ಮೇಲೆ ಒಂದೊಂದು ಕಣಕ್ಕೂ ಒಂದೊಂದು ಚುಕ್ಕಿ. ಆರೋಗ್ಯವಂತರಲ್ಲಿ ಮೇಲಿನ ಬಲಮೂಲೆಯಲ್ಲಿ ಸಿಡಿ4 ಟಿ ಕಣಗಳು (ಉಳಿದ ರೋಗನಿರೋಧಕ ಕಣಗಳಿಗೆ ದಾರಿ ತೋರಿಸುವ ಲಿಂಫೋಸೈಟ್‌ಗಳು) ಜೇನುಹುಳದ ಹಾಗೆ ಮುತ್ತಿಕೊಂಡಿರುತ್ತವೆ. ಇಲ್ಲಿ ಅಲ್ಲೊಂದು ಇಲ್ಲೊಂದು, ಬೆರಳಲ್ಲಿ ಎಣಿಸುವಷ್ಟು. ಇನ್ನೊಂದು ಬಗೆಯ ಲಿಂಫೋಸೈಟ್ ಆದ ಎನ್‌ಕೆ ಕಣಗಳು ಮಾತ್ರ ಆಗಲೇ ಬಂದು ಕೂತಿದ್ದವು.

ಅವು ಯಾವಾಗಲೂ ಮೊದಲು. ಆಮೇಲೆ ಸೋಂಕು ತಗುಲಿದ ಕಣಗಳನ್ನು ಕೊಲ್ಲುವ ಸಿಡಿ8 ಟಿ ಕಣಗಳು, ಅದರಲ್ಲೂ ಮೈಯಲ್ಲಿ ಅಡಗಿರುವ ಸಿಎಂವಿ ವೈರಸ್ ಎದ್ದರೆ ಜಾಸ್ತಿ. ಪ್ರತಿಕಾಯ ಮಾಡುವ ಬಿ ಕಣಗಳಿಗೆ ಆರು ತಿಂಗಳು, ವರ್ಷ. ಸಿಡಿ4 ಎಲ್ಲಕ್ಕಿಂತ ಸೋಮಾರಿ. ಹೊಸ ಟಿ ಕಣ ಪಳಗಬೇಕಾದ್ದು ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ, ಅದು ವಯಸ್ಸಾದಂತೆ ಕುಗ್ಗುತ್ತದೆ. ಹಾಗಾಗಿ ಮಕ್ಕಳು ಬೇಗ ಚೇತರಿಸಿಕೊಳ್ಳುತ್ತಾರೆ, ಐವತ್ತು ದಾಟಿದವರು ಕಾಯಬೇಕು. ಬಿಳಿಕಣ ಹೆಚ್ಚಿಸುವ ಔಷಧ ಜಿಸಿಎಸ್‌ಎಫ್ ಚುಚ್ಚಿದರೆ ನ್ಯೂಟ್ರೋಫಿಲ್ ಏರುತ್ತದೆ, ಸಿಡಿ4 ಏರುವುದಿಲ್ಲ. ನ್ಯುಮೋಸಿಸ್ಟಿಸ್ ಎಂಬ ಶಿಲೀಂಧ್ರದಿಂದ ಶ್ವಾಸಕೋಶಕ್ಕೆ ಬರುವ ಸೋಂಕು ತಡೆಯುವ ಮಾತ್ರೆ ನಿಲ್ಲಿಸುವ ಮುಂಚೆ ಹಲವು ವೈದ್ಯರು ಮೈಕ್ರೋಲೀಟರಿಗೆ ಸಿಡಿ4 200 ದಾಟಿದೆಯಾ ಅಂತ ನೋಡುತ್ತಾರೆ. ಬಾಲ್ಯದ ಲಸಿಕೆಗಳನ್ನೂ ಮತ್ತೆ ಹಾಕಿಸಬೇಕು. ದಡಾರದಂಥ ಜೀವಂತ ಲಸಿಕೆಗೆ ಸಾಮಾನ್ಯವಾಗಿ ಎರಡು ವರ್ಷ ಕಾಯಿಸುತ್ತಾರೆ.

ಆದ್ದರಿಂದ ಸಣ್ಣ ಸಂಖ್ಯೆ ತಪ್ಪಾದರೆ ಕಷ್ಟ. ನಾನೂ ಒಮ್ಮೆ ತಪ್ಪು ಮಾಡಿದ್ದೇನೆ. ನಾವು ಬಳಸುವ ಟ್ಯೂಬಿನಲ್ಲಿ ಎಣಿಕೆಗೆ ಅಳತೆಯಾಗುವ ಪುಟ್ಟ ಮಣಿಗಳಿರುತ್ತವೆ; ಎಷ್ಟು ಮಣಿ ಇದೆ ಅಂತ ಮೊದಲೇ ಗೊತ್ತಿರುತ್ತದೆ. ಇಷ್ಟು ಮಣಿಗೆ ಇಷ್ಟು ಕಣ ಅಂತ ಲೆಕ್ಕ ಹಾಕುತ್ತೇವೆ. ಅವತ್ತು ಸಂಜೆಯಾಗಿತ್ತು, ಟ್ಯೂಬು ಸಾಲುಗಟ್ಟಿದ್ದವು. ಬೇಗ ಮುಗಿಸೋಣ ಅಂತ ಯಂತ್ರವನ್ನು ನಡುವೆಯೇ ನಿಲ್ಲಿಸಿದೆ. ಮೂಲೆಯಲ್ಲಿ ಸಿಕ್ಕಿದ್ದು 11 ಚುಕ್ಕಿ. ಲೆಕ್ಕ ಹಾಕಿದರೆ 55. ಹಿಂದಿನ ವಾರ ಮೂವತ್ತರ ಆಸುಪಾಸು ಇತ್ತಲ್ಲ, ಇದೇನು ಅಂತ ವೈದ್ಯರು ಫೋನ್ ಮಾಡಿದರು. ಇಷ್ಟು ಕಡಿಮೆ ಚುಕ್ಕಿಯಲ್ಲಿ ಒಂದೆರಡು ಹೆಚ್ಚುಕಮ್ಮಿಯಾದರೂ ಲೆಕ್ಕ ಏರುಪೇರಾಗುತ್ತದೆ. ಮತ್ತೆ ಹಾಕಿ ಕೊನೆಯವರೆಗೂ ಓಡಿಸಿದೆ. 36.

ಈಗ ಅಳತೆಯಲ್ಲೂ ತಪ್ಪಾಗದಿರಲಿ ಅಂತ, ರಕ್ತ ಅಳೆದು ಹಾಕುವ ಪಿಪೆಟ್ಟಿನ ತುದಿ ಒರೆಸುತ್ತೇನೆ. ರಿವರ್ಸ್ ಪಿಪೆಟಿಂಗ್ ಮಾಡುತ್ತೇನೆ: ಪಿಪೆಟ್ಟಿನ ಗುಂಡಿಯನ್ನು ಎರಡನೇ ತಡೆಯವರೆಗೆ ಒತ್ತಿ ರಕ್ತ ಎಳೆಯುವುದು, ಮೊದಲನೇ ತಡೆಯವರೆಗೆ ಮಾತ್ರ ಬಿಡುವುದು. ಉಳಿದ ಹನಿ ತುದಿಯಲ್ಲೇ ಇರಲಿ. ಟ್ಯೂಬಿನ ಗೋಡೆಗೆ ರಕ್ತ ಸವರಿದರೆ ಅದನ್ನು ಬಿಸಾಡಿ ಹೊಸದು. ಸಿಡಿ4 50ಕ್ಕಿಂತ ಕಡಿಮೆ ಬಂದರೆ ಎರಡು ಸಲ ಮಾಡುತ್ತೇನೆ. ಟ್ಯೂಬು ದುಬಾರಿ ಅಂತ ಪಕ್ಕದವರು ಗೊಣಗುತ್ತಾರೆ. ದುಬಾರಿ ಹೌದು.