ಅಟ್ಟದ ಪುಸ್ತಕಗಳನ್ನು ವಿಂಗಡಿಸಿದ ಬಗೆ

ಕೊಪ್ಪ ಸೀಮೆಯ ಹಳೆಯ ಅಡಿಕೆ ಮನೆಗಳಲ್ಲಿ ಪುಸ್ತಕಗಳನ್ನು ಹುಡುಕುವವರು ಮೊದಲು ನೋಡಬೇಕಾದದ್ದು ಅಡುಗೆಮನೆಯ ಮೇಲಿನ ಅಟ್ಟವನ್ನು. ಮಳೆಗಾಲದ ನಾಲ್ಕು ತಿಂಗಳು ಗೋಡೆಯೇ ಬೆವರುವ ಊರಿನಲ್ಲಿ ಒಲೆಯ ಹೊಗೆ ಆಡುವ ಜಾಗವೊಂದೇ ಒಣಗಿರುತ್ತಿತ್ತು; ಆದ್ದರಿಂದ ಹಿರಿಯರು ಬೀಜದ ಬತ್ತ, ಒಣಗಿಸಿದ ಸೌತೆಕಾಯಿ ಬೀಜ ಮತ್ತು ಪುಸ್ತಕಗಳನ್ನು ಅಲ್ಲಿಯೇ ಇಡುತ್ತಿದ್ದರು. ನನ್ನ ಸೋದರಮಾವನ ಮನೆಯಲ್ಲಿ ಗ್ಯಾಸ್ ಒಲೆ ಬಂದ ಮೇಲೆ ಹೊಗೆ ನಿಂತಿತು, ಹೊಗೆ ನಿಂತ ಮೇಲೆ ಬೂಷ್ಟು ಮತ್ತು ಗೆದ್ದಲು ಹತ್ತಿದವು. ಮಾಡಿನ ರಿಪೇರಿಗಾಗಿ ಅಟ್ಟವನ್ನು ಖಾಲಿ ಮಾಡಬೇಕಾದಾಗ, ಚಿಕ್ಕಮಗಳೂರಿನಲ್ಲಿ ಮೇಷ್ಟರಾಗಿ ನಿವೃತ್ತನಾಗಿ ಕುಳಿತಿದ್ದ ನನ್ನ ಪಾಲಿಗೆ ಮರದ ಪೆಟ್ಟಿಗೆಗಳು, ಒಂದು ತಗಡಿನ ಟ್ರಂಕು ಮತ್ತು ಗೋಣಿಯಲ್ಲಿ ಸುತ್ತಿದ ಕೆಲವು ಕಟ್ಟುಗಳು ಬಂದವು.

ಅಡಿಕೆಯ ಕೊನೆಕೊಯ್ಲು ಮುಗಿದು ಅಂಗಳ ಬಿಡುವಾಗುವವರೆಗೆ ಕಾಯ್ದು, ಫೆಬ್ರುವರಿಯಲ್ಲಿ ಕೆಲಸ ಆರಂಭಿಸಿದೆ. ಹಳೆಯ ಪುಸ್ತಕಗಳನ್ನು ಬಿಸಿಲಿಗೆ ಹರಡುವ ರೂಢಿ ನಮ್ಮಲ್ಲಿದೆಯಾದರೂ, ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದವು ನೇರ ಬಿಸಿಲಿಗೆ ಇನ್ನಷ್ಟು ಹಳದಿಗಟ್ಟಿ ಹಪ್ಪಳದಂತೆ ಮುರಿಯುತ್ತದೆ. ಜಗಲಿಯ ನೆರಳಿನಲ್ಲಿ ಗಾಳಿಗೆ ಇಟ್ಟರೆ ಸಾಕು. ಒದ್ದೆ ಬಟ್ಟೆಯನ್ನು ಮುಟ್ಟಿಸದೆ, ಮೃದುವಾದ ಬ್ರಷ್ಷಿನಿಂದ ಬೆನ್ನಿನ ಕಡೆಯಿಂದ ಅಂಚಿನ ಕಡೆಗೆ ಮಸಿ ಮತ್ತು ಧೂಳನ್ನು ಇಳಿಸಿದೆ. ತುಕ್ಕು ಹಿಡಿದ ಪಿನ್ನುಗಳನ್ನು ಬಿಡಿಸಿ ಹತ್ತಿಯ ದಾರ ಹಾಕಿದೆ. ಹರಿದ ಹಾಳೆಗೆ ಸೆಲ್ಲೋಟೇಪು ಹಚ್ಚುವುದನ್ನು ಯಾರೂ ಮಾಡಬಾರದು; ಅದರ ಅಂಟು ಕೆಲವೇ ವರ್ಷಗಳಲ್ಲಿ ಕಂದು ಬಣ್ಣಕ್ಕೆ ತಿರುಗಿ ಅಕ್ಷರವನ್ನೇ ನುಂಗುತ್ತದೆ. ಬೈಂಡು ಮಾಡುವವರು ಹಿಂದಿನಿಂದ ಬಳಸುವ, ಚಿಟಿಕೆ ಮೈಲುತುತ್ತ ಬೆರೆಸಿದ ಮೈದಾ ಅಂಟೇ ನನಗೂ ಒದಗಿತು.

ಇಷ್ಟು ಕೈಕೆಲಸ. ಯಾವುದನ್ನು ಯಾವುದರ ಜೊತೆಗಿಡಬೇಕು ಎಂಬುದು ಇದಕ್ಕಿಂತ ಕಷ್ಟದ್ದಾಗಿತ್ತು. ಗ್ರಂಥಾಲಯದಲ್ಲಿ ಕೆಲಸ ಮಾಡಿದ ಗೆಳೆಯರೊಬ್ಬರು ಪುಸ್ತಕಗಳಿಗೆ ವಿಷಯವಾರು ಅಂಕಿ ಕೊಡುವ ಡ್ಯೂಯಿ ಪದ್ಧತಿಯನ್ನು ಅನುಸರಿಸಲು ಹೇಳಿದರು: ಧರ್ಮಕ್ಕೆ 200, ಸಾಹಿತ್ಯಕ್ಕೆ 800, ಅದರೊಳಗೆ ಕನ್ನಡಕ್ಕೆ 894.814. ಸಾರ್ವಜನಿಕ ಗ್ರಂಥಾಲಯಕ್ಕೆ ಅದು ಸರಿ. ಆದರೆ ಮೊದಲ ಪೆಟ್ಟಿಗೆಯ ಮೇಲ್ಪದರದಲ್ಲಿಯೇ ಜೈಮಿನಿ ಭಾರತವಿತ್ತು. ನಮ್ಮ ಜಿಲ್ಲೆಯ ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶ ವಾರ್ಧಕ ಷಟ್ಪದಿಯಲ್ಲಿ ಬರೆದ ಈ ಕೃತಿಯನ್ನು ನಾನು ತರಗತಿಯಲ್ಲಿ ಕಾವ್ಯವೆಂದೇ ಪಾಠ ಮಾಡಿದವನಾದ್ದರಿಂದ ಸಾಹಿತ್ಯದ ಸಾಲಿಗೆ ಸೇರಿಸಲು ಹೋದಾಗ ಅತ್ತೆ ತಡೆದರು. “ಅದನ್ನು ಕತೆ ಪುಸ್ತಕದ ಜೊತೆ ಇಡಬೇಡ ಮಾರಾಯ, ಮಡಿಯಲ್ಲಿ ಕೂತು ಶ್ರಾವಣದಲ್ಲಿ ಓದ್ತಿದ್ದ ಪುಸ್ತಕ ಅದು” ಎಂದರು. ಪುಸ್ತಕವನ್ನು ಬಿಡಿಸಿ ನೋಡಿದರೆ ಅವರ ಮಾತಿಗೆ ಸಾಕ್ಷಿಯಿತ್ತು: ಅಲ್ಲಲ್ಲಿ ದೀಪದ ಎಣ್ಣೆಯ ಕಲೆ, ಮೊದಲ ಹಾಳೆಯಲ್ಲಿ ಕುಂಕುಮ. ಆದರೆ ನನ್ನ ಮಾತಿಗೂ ಸಾಕ್ಷಿ ಇಲ್ಲದಿರಲಿಲ್ಲ. ಯುದ್ಧಗಳ ವರ್ಣನೆಯ ಪುಟಗಳು ಹೊಸದರಂತಿದ್ದರೆ, ಚಂದ್ರಹಾಸನ ಕಥೆಯ ಪುಟಗಳ ಮೂಲೆಗಳು ಬೆರಳಿನ ಜಿಡ್ಡಿನಿಂದ ಕಪ್ಪಾಗಿದ್ದವು. ಪುಣ್ಯಕ್ಕಾಗಿ ಮಾತ್ರ ಓದಿದವರು ಎಲ್ಲ ಸಂಧಿಗಳನ್ನೂ ಸಮವಾಗಿ ಸವೆಸುತ್ತಿದ್ದರು; ಇಲ್ಲಿ ಅಜ್ಜ ಕಥೆಯ ರುಚಿಗೆ ಮತ್ತೆ ಮತ್ತೆ ಅದೇ ಜಾಗಕ್ಕೆ ಹೋಗಿದ್ದಾರೆ.

ಆದ್ದರಿಂದ ವಿಷಯವಾರು ವಿಂಗಡಣೆಯನ್ನು ಪಕ್ಕಕ್ಕಿಟ್ಟು, ಓದಿದವರ ಕೈಯನ್ನು ಹಿಡಿದು ಜೋಡಿಸತೊಡಗಿದೆ. ಹೆಸರು, ಸಹಿ, ಅಡಿಗೆರೆ, ಪೆನ್ಸಿಲ್ಲಿನ ಟಿಪ್ಪಣಿ, ಅಡಿಕೆಯ ಲೆಕ್ಕ, ಇವುಗಳಿಂದ ಮೂವರು ಓದುಗರು ಬೇರ್ಪಟ್ಟರು: ಅಜ್ಜ, ಅಜ್ಜಿ, ಮತ್ತು ಮೈಸೂರಿನಲ್ಲಿ ಓದಿ ಬಂದ ಚಿಕ್ಕ ಮಾವ. ಮುಖಪುಟ ಕಳೆದುಹೋದ ಪುಸ್ತಕಗಳ ಕಾಲವನ್ನು ಕಂಡುಕೊಳ್ಳಲೂ ಈ ಬರಹಗಳೇ ನೆರವಾದವು. ಜೈಮಿನಿ ಭಾರತದ ಒಳರಟ್ಟಿನಲ್ಲಿ ಅಜ್ಜನ ಅಕ್ಷರದಲ್ಲಿ “ತಾರಣ ಸಂ। ಶ್ರಾವಣ” ಎಂದಿತ್ತು. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ ತಾರಣವು 1884, 1944 ಅಥವಾ 2004 ಆಗಬಹುದು. 1884ರಲ್ಲಿ ಅಜ್ಜ ಹುಟ್ಟಿರಲಿಲ್ಲ, 2004ರಲ್ಲಿ ಬದುಕಿರಲಿಲ್ಲ. ಬೆಲೆಯೂ ಒಳ್ಳೆಯ ಸುಳಿವು. ಆಣೆಯಲ್ಲಿ ಬೆಲೆಯಿದ್ದರೆ ಪುಸ್ತಕವು ದಶಮಾಂಶ ನಾಣ್ಯ ಬಂದ 1957ಕ್ಕಿಂತ ಹಿಂದಿನದೆಂದೂ, ನಯೇ ಪೈಸೆ ಎಂದಿದ್ದರೆ ಅದರ ನಂತರದ ಕೆಲವು ವರ್ಷಗಳದೆಂದೂ, ವಿಳಾಸದಲ್ಲಿ “ಮೈಸೂರು ರಾಜ್ಯ” ಎಂದಿದ್ದರೆ ಬಹುಮಟ್ಟಿಗೆ 1973ರ ನವೆಂಬರಿಗಿಂತ ಮುಂಚಿನದೆಂದೂ ಹಿಡಿಯಬಹುದು.

ಅಜ್ಜನ ಪಾಲಿನಲ್ಲಿ ಕನ್ನಡ ಲಿಪಿಯ ಸಂಸ್ಕೃತ ಸ್ತೋತ್ರಗಳು, ವ್ರತಕಥೆಗಳು, ಪಂಚಾಂಗಗಳು ಹೆಚ್ಚಾಗಿದ್ದವು. ಅವುಗಳ ನಡುವೆ ಲೂಕನ ಸುವಾರ್ತೆಯ ಪುಟ್ಟ ಪ್ರತಿಯೊಂದೂ ಇತ್ತು. ಯಾವುದೋ ಜಾತ್ರೆಯಲ್ಲಿ ಕೊಂಡದ್ದಿರಬೇಕು, ಕೊನೆಯ ಖಾಲಿ ಹಾಳೆಯಲ್ಲಿ ಅಡಿಕೆ ಕೊಯ್ಯುವ ಕೊನೆಗಾರರಿಗೆ ಕೊಟ್ಟ ಕೂಲಿಯ ಲೆಕ್ಕವಿದೆ. ಯಕ್ಷಗಾನ ಪ್ರಸಂಗಗಳ ಒಂದು ಕಟ್ಟಿತ್ತು, ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಸಿದ್ಧವಾದ ರಾಮಾಯಣ ಪ್ರಸಂಗಗಳು ಸೇರಿದಂತೆ. ಅವು ಧರ್ಮವೋ, ಕಾವ್ಯವೋ, ನಾಟಕವೋ ಎಂದು ಕೇಳಿದರೆ ಭಾಗವತರು ನಕ್ಕಾರು.

ನನಗೆ ಎಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳದ್ದಾಗಿ ಕಂಡದ್ದು ಅಜ್ಜಿಯ ಪಾಲು. ಅವರ ಕಾದಂಬರಿಗಳಲ್ಲಿ ಅಂಗಡಿಯಿಂದ ತಂದವು ಕಡಿಮೆ; ವಾರಪತ್ರಿಕೆಗಳಲ್ಲಿ ಬರುತ್ತಿದ್ದ ಧಾರಾವಾಹಿಗಳ ಹಾಳೆಗಳನ್ನು ಕತ್ತರಿಸಿ, ಜೋಡಿಸಿ, ದಬ್ಬಣದಿಂದ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿ ತಾವೇ ಮಾಡಿಕೊಂಡವು ಹೆಚ್ಚು. 1965ರಲ್ಲಿ ಸುಧಾ ಆರಂಭವಾದ ಮೇಲಿನ ಹಾಳೆಗಳೇ ಬಹಳ. ಮಳೆಗೆ ಹಳ್ಳ ಬಂದು ಟಪ್ಪಾಲು ತಪ್ಪಿದ ವಾರಗಳ ಜಾಗದಲ್ಲಿ ಒಂದು ಬಿಳಿ ಹಾಳೆಯನ್ನು ಹೊಲಿದು, “ಈ ವಾರದ್ದು ಸಿಗಲಿಲ್ಲ. ಮೇಲಿನ ಮನೆಯವರು ಹೇಳಿದ್ದು” ಎಂದು ಬರೆದು, ಕಂತಿನ ಕಥೆಯನ್ನು ನಾಲ್ಕು ಸಾಲಿನಲ್ಲಿ ತುಂಬಿಸಿದ್ದಾರೆ. ಅವರ ಹಾಡಿನ ಪುಸ್ತಕದಲ್ಲಿ ಹಸೆಹಾಡು ಮತ್ತು ಆರತಿ ಹಾಡುಗಳ ನಡುವೆ ಬೇಂದ್ರೆಯವರ ಭಾವಗೀತೆಯೊಂದು ಕವಿಯ ಹೆಸರಿಲ್ಲದೆ ಕುಳಿತಿದೆ. ಅದರ ತಲೆಯ ಮೇಲೆ, ಯಾವ ದೇವರನಾಮದ ಮಟ್ಟಿನಲ್ಲಿ ಹಾಡಬೇಕು ಎಂಬ ಸೂಚನೆಯಿದೆ.

ಚಿಕ್ಕ ಮಾವನ ಟ್ರಂಕಿನ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. 1959ರಲ್ಲಿ ಬಂದ ಅಡಿಗರ ಭೂಮಿಗೀತ, ನವ್ಯದ ಇತರ ಕವನ ಸಂಕಲನಗಳು, ಕೆಲವು ಪತ್ತೇದಾರಿ ಕಾದಂಬರಿಗಳು, ಅಡಿಯಲ್ಲಿ ವಚನಗಳ ಒಂದು ಸಂಗ್ರಹ. ಕವನಗಳಿಗಿಂತ ವಚನಗಳಿಗೇ ಅಡಿಗೆರೆ ಹೆಚ್ಚು.

ಪಟ್ಟಿಯನ್ನು ಮೊದಲು ನೋಟ್‌ಬುಕ್ಕಿನಲ್ಲಿ ಬರೆದು ಅನಂತರ ಕಂಪ್ಯೂಟರಿಗೆ ಏರಿಸಿದೆ. ಯಾರ ಕೈ, ಬೆಲೆ, ಮುದ್ರಣಾಲಯ, ಅಂದಾಜು ವರ್ಷ, ಒಳಗೆ ಸಿಕ್ಕಿದ ವಸ್ತು, ಈಗಿನ ಸ್ಥಿತಿ ಎಂದು ಕಲಮುಗಳನ್ನು ಹಾಕಿ, ವಿಷಯದ ಕಲಮನ್ನು ಕೊನೆಗಿಟ್ಟು, ಅದರಲ್ಲಿ ಒಂದು ಪುಸ್ತಕಕ್ಕೆ ಎರಡು ಮೂರು ವಿಷಯಗಳನ್ನೂ ಬರೆದೆ; ಈಗ ಜೈಮಿನಿ ಭಾರತವು ಕಾವ್ಯವೆಂದು ಹುಡುಕಿದರೂ ಪಾರಾಯಣವೆಂದು ಹುಡುಕಿದರೂ ಸಿಗುತ್ತದೆ. ಅತ್ತೆಗೂ ಒಪ್ಪಿಗೆಯಾಯಿತು.

ಹಾಳೆ ಪುಡಿಯಾಗುತ್ತಿದ್ದವನ್ನು ಸ್ಕ್ಯಾನ್ ಮಾಡುವ ಮೊದಲು ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕಿ ನೋಡುವುದು ಲೇಸು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಅನೇಕ ಕನ್ನಡ ಪುಸ್ತಕಗಳು ಅಲ್ಲಿ ಸಿಗುವುದರಿಂದ ಎಷ್ಟೋ ಶ್ರಮ ಉಳಿಯುತ್ತದೆ. ಸ್ಕ್ಯಾನ್ ಮಾಡಿದ್ದನ್ನು ಎಲ್ಲರಿಗೂ ಹಂಚುವ ಮುನ್ನ ಹಕ್ಕನ್ನೂ ನೋಡಬೇಕು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಅಂದರೆ 1963ರಲ್ಲಿ ತೀರಿಕೊಂಡ ತ್ರಿವೇಣಿಯವರ ಬದುಕಿದ್ದಾಗಿನ ಪ್ರಕಟಿತ ಕಾದಂಬರಿಗಳು 2024ರಿಂದ ಮುಕ್ತವಾಗಿವೆ, 1994ರಲ್ಲಿ ತೀರಿಕೊಂಡ ಕುವೆಂಪು ಅವರದು ಆಗಿಲ್ಲ.

ಪ್ರಸಂಗಗಳ ಕಟ್ಟನ್ನು ಊರಿನ ಭಾಗವತರೊಬ್ಬರು ಕೇಳಿ ಪಡೆದರು, ಪಂಚಾಂಗಗಳನ್ನು ಮಾವ ತಮಗೇ ಬೇಕೆಂದರು. ಅಜ್ಜಿ ಹೊಲಿದ ಕಾದಂಬರಿಗಳು ಚಿಕ್ಕಮಗಳೂರಿನ ನನ್ನ ಮನೆಯಲ್ಲಿ ಗಾಜಿನ ಬಾಗಿಲಿನ ಬೀರುವಿನಲ್ಲಿವೆ. ಒಳಗೆ ಬಜೆಯ ತುಂಡುಗಳನ್ನು ಇಟ್ಟಿದ್ದೇನೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಾಗಿಲು ತೆಗೆದು ಫ್ಯಾನು ಹಾಕುತ್ತೇನೆ. ಜೈಮಿನಿ ಭಾರತವು ಅತ್ತೆಯ ದೇವರ ಕೋಣೆಯಲ್ಲಿದೆ.