ಬಂಕಿನ ಕೆಳಗಿನ ಬೆಂಜೀನಿಗೆ ತೋಟದ ಉಪ್ಪು

ಪೆಟ್ರೋಲಿನಲ್ಲಿರುವ ವಿಷಕಾರಿ ಬೆಂಜೀನ್ ಅಂತರ್ಜಲಕ್ಕೆ ಸೇರಿದರೆ, ನೆಲದೊಳಗೆ ಗಾಳಿ ಹೊಡೆಯದೆ ಅದು ಇಳಿಯುವುದೇ ಇಲ್ಲ ಎಂದು ವಾದಿಸಿದವರಿಗೆ ಈಗ ಲ್ಯಾಬ್ ರಿಪೋರ್ಟೇ ಉತ್ತರ. ಹಾಸನದ ಹತ್ತಿರದ ಪೆಟ್ರೋಲ್ ಬಂಕೊಂದರಲ್ಲಿ ಸೋರುವ ಟ್ಯಾಂಕು ತೆಗೆದ ಮೇಲೂ ಅಂತರ್ಜಲದಲ್ಲಿ ಲೀಟರಿಗೆ 4 ಮಿಲಿಗ್ರಾಂ ಆಸುಪಾಸು ಬೆಂಜೀನ್ ಇತ್ತು. ಈಗ ವಿಶ್ವ ಆರೋಗ್ಯ ಸಂಸ್ಥೆಯ 0.01 ಮಿತಿಯ ಹತ್ತಿರ ಬಂದಿದೆ. ಬಳಸಿದ್ದು ಕಾಫಿ, ಅಡಿಕೆಗೆ ಹಾಕುವ ಮ್ಯಾಗ್ನೀಷಿಯಂ ಸಲ್ಫೇಟ್ ಉಪ್ಪು.

ಮೊದಲು ಹಾಕಿದ ಗಾಳಿ ವ್ಯವಸ್ಥೆ ಮೂರು ಲಕ್ಷದಷ್ಟು ನುಂಗಿತು, ಕರೆಂಟ್ ಬಿಲ್ ಬೇರೆ. ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ಗಾಳಿ ಒಂದೇ ಬಿರುಕು ಹಿಡಿದು ಮೇಲೆ ಬರುತ್ತದೆ, ಪಕ್ಕದ ಜೇಡಿಗೆ ತಾಗುವುದೇ ಇಲ್ಲ. ನೀರಿನಲ್ಲಿ ಕರಗಿದ ಕಬ್ಬಿಣ ಆಮ್ಲಜನಕ ಸಿಕ್ಕೊಡನೆ ಕೆಂಪು ಲೋಳೆಯಾಗಿ ಪೈಪಿನ ಸ್ಲಾಟುಗಳನ್ನೆಲ್ಲ, ಅಂದರೆ ಸೀಳುಗಳನ್ನೆಲ್ಲ, ಕಟ್ಟಿಬಿಡುತ್ತದೆ.

ಸಲ್ಫೇಟಿಗೆ ಇದೇ ಕಬ್ಬಿಣ ಅನುಕೂಲ. ಆಮ್ಲಜನಕದ ಬದಲು ಸಲ್ಫೇಟ್ ಉಸಿರಾಡಿ ಬೆಂಜೀನ್ ತಿನ್ನುವ ಬ್ಯಾಕ್ಟೀರಿಯಾ ಬಿಡುವ ಸಲ್ಫೈಡನ್ನು ಕಬ್ಬಿಣ ಹಿಡಿದು ಕೂರಿಸುತ್ತದೆ, ಕೊಳೆತ ಮೊಟ್ಟೆಯ ವಾಸನೆ ಏಳುವುದಿಲ್ಲ. ಲೆಕ್ಕ ಸುಲಭ: ಪೆಟ್ರೋಲಿನ 1 ಕೆಜಿ ಬೆಂಜೀನ್-ಟಾಲೀನ್ ಗುಂಪಿಗೆ 4.6 ಕೆಜಿ ಸಲ್ಫೇಟ್, ಅಂದರೆ ಸುಮಾರು 12 ಕೆಜಿ ಉಪ್ಪು. ನಾನು ತಂದಾಗ ಗೊಬ್ಬರದಂಗಡಿಯಲ್ಲಿ ಕೆಜಿಗೆ 25–30 ರೂಪಾಯಿ ಇತ್ತು. 1000 ಲೀಟರ್ ಸಿಂಟೆಕ್ಸಿಗೆ 5 ಕೆಜಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಅಂತರ್ಜಲ ಹರಿದು ಬರುವ ಮೇಲ್ದಂಡೆಯಲ್ಲಿ ಕೊರೆದ ತೂತುಗಳಿಗೆ ತಾನಾಗಿ ಇಳಿಯಲು ಬಿಡಬೇಕು. ಪಂಪಿನ ಒತ್ತಡ ಕೊಟ್ಟರೆ ಕೊಳೆ ನೀರು ಬದಿಗೆ ಸರಿಯುತ್ತದೆ. ತೂತುಗಳ ಅಂತರ ಮತ್ತು ಉಪ್ಪಿನ ಜೊತೆ ಬೆರೆಸುವ ಇನ್ನೊಂದು ವಸ್ತು ನನ್ನಲ್ಲೇ ಇರಲಿ.

ವೀಕ್ಷಣಾ ಬೋರಿನಲ್ಲಿ ಸಲ್ಫೇಟ್ ಲೀಟರಿಗೆ 50 ಮಿಲಿಗ್ರಾಮಿಗೆ ಇಳಿದಾಗ ಮುಂದಿನ ಡೋಸ್. ಕುಡಿಯುವ ಬಾವಿ ಹತ್ತಿರವಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಸಲ್ಫೇಟ್ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 400. ಪೆಟ್ರೋಲ್ ಇನ್ನೂ ತೇಲುತ್ತಿದ್ದರೂ ಉಪ್ಪು ದಂಡ. ಮೊದಲು ಅದನ್ನು ಎತ್ತಿ ತೆಗೆಯಿರಿ. ಎಥೆನಾಲ್ ಬೆರೆತ ಈಗಿನ ಪೆಟ್ರೋಲಾದರೆ ಬ್ಯಾಕ್ಟೀರಿಯಾ ಎಥೆನಾಲನ್ನೇ ಮೊದಲು ತಿಂದು ಸಲ್ಫೇಟ್ ಮುಗಿಸುತ್ತದೆ, ಡೋಸ್ ಹೆಚ್ಚೇ ಬೇಕು.

ಮೊದಲು ಇಳಿಯುವುದು ಟಾಲೀನ್. ಬೆಂಜೀನ್ ಐದಾರು ತಿಂಗಳು ಅಲ್ಲಾಡಲಿಲ್ಲ. ಇದು ದಂಡದ ಖರ್ಚು ಎಂದು ಎಲ್ಲರೂ ಹೇಳಿದ್ದು ಆಗಲೇ. ಅಲ್ಲಿ ಕೈಬಿಟ್ಟರೆ ಹಾಕಿದ ಉಪ್ಪೆಲ್ಲ ನೀರುಪಾಲು.

ನಡುವೆ ಅರಸೀಕೆರೆ ಕಡೆಯ ತೆಂಗಿನ ಚಿಪ್ಪಿನ ಇದ್ದಿಲನ್ನು ಡ್ರಮ್ಮಿಗೆ ತುಂಬಿ ಬೆಂಜೀನ್ ಹೀರುತ್ತದೆಯೇ ಎಂದು ಪಂಪ್ ಮಾಡಿದ ನೀರು ಹಾಯಿಸಿ ನೋಡಿದೆ. ಆಕ್ಟಿವೇಟ್ ಮಾಡದ ಇದ್ದಿಲು ನಾಲ್ಕೈದು ದಿನಕ್ಕೇ ಸೋತಿತು. ಅದೇ ಚಿಪ್ಪಿನ ಆಕ್ಟಿವೇಟೆಡ್ ಕಾರ್ಬನ್ ತಿಂಗಳ ಮೇಲೆ ತಡೆಯಿತು.

ಅಳತೆಯಲ್ಲಿ ಮೋಸ ಮಾಡುವುದು ಮಳೆಗಾಲ. ಅಲ್ಲಿ ನೀರು ಏಪ್ರಿಲಿನಲ್ಲಿ 9 ಮೀಟರ್, ಆಗಸ್ಟಿನಲ್ಲಿ 4 ಮೀಟರ್ ಆಳದಲ್ಲಿರುತ್ತದೆ. ಹಾಗಾಗಿ ವೀಕ್ಷಣಾ ಬೋರಿಗೆ ಸ್ಲಾಟೆಡ್ ಪಿವಿಸಿ 3ರಿಂದ 11 ಮೀಟರಿನವರೆಗೆ. ಆರಿದ್ರಾ ಮಳೆ ಹಿಡಿದರೆ ಬೈಲರಿನಲ್ಲಿ (ಬೋರಿನಿಂದ ನೀರೆತ್ತುವ ಉದ್ದ ಕೊಳವೆ) ಪೆಟ್ರೋಲ್ ಪದರವೇ ಕಾಣುವುದಿಲ್ಲ. ಅದು ಏರಿದ ನೀರಿನಡಿ ಮಣ್ಣಿನಲ್ಲಿ ಸಿಕ್ಕಿಕೊಂಡಿರುತ್ತದೆ. ಸ್ಯಾಂಪಲ್ 40 ಮಿಲಿ ಸೀಸೆಯಲ್ಲಿ, ಒಂದು ಗುಳ್ಳೆಯೂ ಇಲ್ಲದಂತೆ, ಎರಡು ಹನಿ ಹೈಡ್ರೋಕ್ಲೋರಿಕ್ ಆಮ್ಲದೊಂದಿಗೆ ಐಸಿನಲ್ಲಿ ಬೆಂಗಳೂರಿಗೆ. 14 ದಿನದೊಳಗೆ ಪರೀಕ್ಷೆ ಆಗಬೇಕು. ಉಪ್ಪು ನಿಲ್ಲಿಸಿದ ಮೇಲೆ ಎರಡು ಬೇಸಿಗೆ ಬೆಂಜೀನ್ ಮತ್ತೆ ಏರದಿದ್ದರೆ ಮಾತ್ರ ಬೋರಿಗೆ ಬೆಂಟೊನೈಟ್ ಜೇಡಿ, ಸಿಮೆಂಟ್ ತುಂಬಿ ಮುಚ್ಚುವುದು.