ದೇವಿಮನೆ ಘಾಟಿಯಲ್ಲಿ ಕಾಡಿದ ಟಕ್ ಟಕ್ ಸದ್ದು ಹೋಗಿದ್ದು ಹೀಗೆ

ಕುಮಟಾದಿಂದ ದೇವಿಮನೆ ಘಾಟಿ ಹತ್ತಿ ಶಿರಸಿ ಮುಟ್ಟುವಷ್ಟರಲ್ಲಿ ನನ್ನ ಟರ್ಬೊ ಪೆಟ್ರೋಲ್ ಕಾರಿನ ಇಂಜಿನ್ ಟಕ್ ಟಕ್ ಎನ್ನುತ್ತಿತ್ತು. ಆಯಿಲ್ ಮಟ್ಟ ಅಳೆಯುವ ಕಡ್ಡಿ (ಡಿಪ್‌ಸ್ಟಿಕ್) ನೋಡಿದರೆ ಆಯಿಲ್ ಕೂಡ ಇಳಿದಿತ್ತು. ಹಿಂದಿನ ಸರ್ವಿಸ್ ಬಿಲ್ ತೆಗೆದಾಗ ಕಾರಣ ಸಿಕ್ಕಿತು. ಗ್ಯಾರೇಜಿನವರು 0ಡಬ್ಲ್ಯೂ-20 ಎಂಬ ತೆಳು ಆಯಿಲ್ ತುಂಬಿದ್ದರು. ಕಾರಿನ ಪುಸ್ತಕದಲ್ಲಿರುವುದು 5ಡಬ್ಲ್ಯೂ-40, ಜೊತೆಗೆ ಯುರೋಪಿನ ಕಾರು ತಯಾರಕರ ಸಂಘದ ಆಯಿಲ್ ದರ್ಜೆ ಎಸಿಇಎ ಎ3/ಬಿ4.

ಮೊದಲ ಅಂಕಿ ಚಳಿಯಲ್ಲಿ ಸ್ಟಾರ್ಟ್ ಮಾಡುವಾಗ ಆಯಿಲ್ ಹೇಗೆ ಹರಿಯುತ್ತದೆ ಎಂಬುದರದು, ಎರಡನೆಯದು ಇಂಜಿನ್ ಬಿಸಿಯಾದಾಗಿನ ದಪ್ಪದ್ದು. ನಮ್ಮ ಕರಾವಳಿಯಲ್ಲಿ ಅಷ್ಟು ಚಳಿ ಎಲ್ಲಿದೆ, ಅಲ್ವಾ? ಇಲ್ಲಿ ಎರಡನೆಯದೇ ಮುಖ್ಯ. 100 ಡಿಗ್ರಿಯಲ್ಲಿ 20ರ ಆಯಿಲ್ 9.3 ಸೆಂಟಿಸ್ಟೋಕ್‌ಗಿಂತ (ಆಯಿಲ್‌ನ ದಪ್ಪ ಅಳೆಯುವ ಮಾನ) ತೆಳು. 40ರದ್ದು 12.5ಕ್ಕಿಂತ ಕಡಿಮೆ ಇರುವಂತಿಲ್ಲ. ಎರಡನೇ ಗೇರಿನಲ್ಲಿ ತಿರುವಿನ ಮೇಲೆ ತಿರುವು ಹತ್ತುವಾಗ ಟರ್ಬೊ ತುಂಬಾ ಬಿಸಿಯಾಗುತ್ತದೆ. ಆಗ ಬೇರಿಂಗ್‌ಗಳ ನಡುವಿನ ಆಯಿಲ್ ಪದರ ತುಂಡಾಗಬಾರದು. ಅದಕ್ಕೇ ಎ3/ಬಿ4 ಎಂಬ ಗುರುತು ನೋಡಬೇಕು. ಅದು 150 ಡಿಗ್ರಿ ಬಿಸಿಯಲ್ಲಿ, ಒತ್ತಡದಲ್ಲೂ ದಪ್ಪ ಉಳಿಸಿಕೊಳ್ಳುವ ಆಯಿಲ್.

‘ರೇಸಿನ 10ಡಬ್ಲ್ಯೂ-60 ಹಾಕು ಮಾರಾಯ’ ಎಂದ ಗೆಳೆಯ. ನಾನು ಒಪ್ಪಲಿಲ್ಲ. ಜಾಸ್ತಿ ಗಟ್ಟಿಯಾದರೆ ಬೆಳಗ್ಗೆ ಇಂಜಿನ್ ಮೇಲ್ಭಾಗದಲ್ಲಿ ವಾಲ್ವ್ ತಳ್ಳುವ ಟ್ಯಾಪೆಟ್‌ವರೆಗೆ ಏರಲು ತಡ, ಪೆಟ್ರೋಲೂ ಸುಮ್ನೆ ಹಾಳು.

ಕ್ಯಾನಿನ ಹಿಂದೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ (ಎಪಿಐ) ಎಸ್‌ಪಿ ದರ್ಜೆ ಇದೆಯೇ ಎಂದೂ ನೋಡಿದೆ. 2020ರಲ್ಲಿ ಬಂದ ದರ್ಜೆ ಇದು. ಪೆಟ್ರೋಲನ್ನು ನೇರ ಸಿಲಿಂಡರಿಗೇ ಸಿಂಪಡಿಸುವ (ನೇರ ಇಂಜೆಕ್ಷನ್) ಟರ್ಬೊಗಳಲ್ಲಿ ಕಡಿಮೆ ಆರ್‌ಪಿಎಂ ಇರುವಾಗ ಪೆಟ್ರೋಲ್ ಸ್ಪಾರ್ಕಿಗೆ ಮೊದಲೇ ಹೊತ್ತಿಕೊಂಡು ಪಿಸ್ಟನ್ ಒಡೆಯುವುದುಂಟು. ಆಯಿಲ್ ಅದನ್ನು ತಗ್ಗಿಸುತ್ತದೆಯೇ ಎಂಬ ಪರೀಕ್ಷೆ ಈ ದರ್ಜೆಯಲ್ಲಿದೆ.

ಇಂಜಿನ್ ಬಿಸಿ ಇರುವಾಗಲೇ ಹಳೆ ಆಯಿಲ್ ಇಳಿಸಿ, ಫಿಲ್ಟರ್ ಬದಲಿಸಿ, ಸಿಂಥೆಟಿಕ್ 5ಡಬ್ಲ್ಯೂ-40 ತುಂಬಿಸಿದೆ. ಸದ್ದು ಹೋಯಿತು. ಘಾಟಿ ಹತ್ತಿ ಬಂದರೂ ಮಟ್ಟ ಈಗ ಇಳಿಯುತ್ತಿಲ್ಲ.